ಮೇಘಸಂಗ್ರಹದ ಗೂಢಲಿಪಿ: ಕೀಲಿಯು ಯಾರ ವಶದಲ್ಲಿ?

ಕಡತವು ಗೂಢಲಿಪಿಯಲ್ಲಿದೆಯೆಂದು ಮೇಘಸಂಗ್ರಹದ ಸಂಸ್ಥೆಯು ಹೇಳಿದೊಡನೆಯೇ ಬಳಕೆದಾರನು ತೃಪ್ತನಾಗದೆ, ಅದರ ಕೀಲಿಯು ಯಾರ ವಶದಲ್ಲಿದೆಯೆಂಬುದನ್ನು ಮೊದಲು ವಿಚಾರಿಸತಕ್ಕದ್ದು. ಏಕೆಂದರೆ ಕೀಲಿಯು ಸಂಸ್ಥೆಯ ಬಳಿಯೇ ಇರುವಲ್ಲಿ ಕಳ್ಳನಿಂದ ರಕ್ಷಣೆಯುಂಟೇ ಹೊರತು ಸಂಸ್ಥೆಯಿಂದಲ್ಲ. ಜರ್ಮನಿಯ ಕ್ರಿಪ್ಟೊಮೇಟರ್ ತಂತ್ರಾಂಶವು ಒಂದೊಂದು ಕಡತವನ್ನೂ ಬಳಕೆದಾರನ ಗಣಕದಲ್ಲಿಯೇ, ಹೆಸರುಸಹಿತ, ಎಇಎಸ್-256 ಎಂಬ ಗೂಢಲಿಪಿ ಕ್ರಮದಿಂದ ಮರೆಮಾಡಿ ಅನಂತರ ಮೇಘಕ್ಕೆ ಕಳುಹುವುದರಿಂದ, ತಿದ್ದಿದ ಕಡತವೊಂದೇ ಮರಳಿ ರವಾನೆಯಾಗುತ್ತದೆ. 2014ರಲ್ಲಿ ನಿಂತುಹೋದ ಟ್ರೂಕ್ರಿಪ್ಟ್ ತಂತ್ರಾಂಶದ ಉತ್ತರಾಧಿಕಾರಿ ವೆರಾಕ್ರಿಪ್ಟ್ ಕಡತಗಳ ಇಡೀ ಪೆಟ್ಟಿಗೆಗೇ ಬೀಗ ಹಾಕುವಂಥದು. ಸ್ವಂತ ಡಿಸ್ಕಿಗೆ ಅದೇ ಲೇಸು.

ಹಂಚಿಕೆಯ ಮಾತು ಬೇರೆ. ಮೊಜಿಲ್ಲಾ ಸಂಸ್ಥೆಯು 2019ರ ಮಾರ್ಚ್ ತಿಂಗಳಲ್ಲಿ ಹೊರತಂದ ಫೈರ್‌ಫಾಕ್ಸ್ ಸೆಂಡ್ ಎಂಬ ಕಡತ ಹಂಚಿಕೆಯ ಸೇವೆಯು ಕೀಲಿಯನ್ನು ಕೊಂಡಿಯಲ್ಲಿನ ಹ್ಯಾಶ್ ಚಿಹ್ನೆಯ ಮುಂದಣ ಭಾಗದಲ್ಲಿ ಇರಿಸುತ್ತಿತ್ತು. ಬ್ರೌಸರು ಆ ಭಾಗವನ್ನು ಸರ್ವರಿಗೆ ಕಳುಹದೆ ಇರುವುದರಿಂದ, ಕಡತವನ್ನು ಹೊತ್ತ ಸರ್ವರಿಗೇ ಅದರ ಒಳಗು ಅಗೋಚರವಾಗಿ ಉಳಿಯುತ್ತಿತ್ತು. ಎಷ್ಟು ಸರಳವಾದ ಉಪಾಯ! ಆದರೆ ಕೊಂಡಿ ದೊರೆತವನೇ ಕೀಲಿಯ ಒಡೆಯ; ದುಷ್ಟ ತಂತ್ರಾಂಶವನ್ನು ಹರಡುವವರೂ ಅದೇ ಮರೆಯನ್ನು ಆಶ್ರಯಿಸಲಾಗಿ, 2020ರಲ್ಲಿ ಸೇವೆಯು ಮುಚ್ಚಿತು.

ಸ್ಮರಣೀಯ: ಬೆಲ್ಜಿಯಂನ ಡೇಮನ್ ಮತ್ತು ರೈಮನ್ ರಚಿಸಿದ ಗೂಢಲಿಪಿ ಕ್ರಮವನ್ನು ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ 2001ರಲ್ಲಿ ಎಇಎಸ್ ಎಂಬ ಮಾನಕವಾಗಿ ಅಂಗೀಕರಿಸಿತು.