ಅಸ್ತಮಿಸದ ಸೂರ್ಯ

ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಮನೆಗಳಲ್ಲಿ ಸಂಜೆಯ ಅಡುಗೆಯು ಸೂರ್ಯನನ್ನು ನೋಡಿಕೊಂಡೇ ನಡೆಯುತ್ತದೆ. ಕನ್ನಡನಾಡಿನಲ್ಲಿ ಇದು ಕಠಿಣವಾದ ಲೆಕ್ಕವಲ್ಲ. ಶ್ರವಣಬೆಳಗೊಳದಲ್ಲಿ ವರ್ಷದ ಅತಿ ದೀರ್ಘವಾದ ಹಗಲು 13 ಗಂಟೆಗೆ ತುಸು ಕಡಿಮೆ. ಅತಿ ಕಿರಿದಾದ ಹಗಲು 11 ಗಂಟೆಗೆ ತುಸು ಹೆಚ್ಚು. ಆದರೆ ನಾರ್ವೆ ದೇಶದ ಟ್ರೋಮ್ಸೊ ನಗರದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯನು ಮುಳುಗುವುದೇ ಇಲ್ಲ. ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಅಲ್ಲಿಗೆ ತೆರಳಿದ ಶ್ರಾವಕನು ಯಾವುದನ್ನು ಸಂಜೆಯೆಂದು ತಿಳಿಯಬೇಕು? ಉತ್ತರವನ್ನು ಅರಸುವ ಮೊದಲು ಕಾರಣವನ್ನು ಅರಿಯುವುದು ಯುಕ್ತ.

ಬೇಸಿಗೆಯಲ್ಲಿ ಭೂಮಿಯು ಸೂರ್ಯನಿಗೆ ಸಮೀಪಿಸುವುದರಿಂದ ಹೀಗಾಗುವುದೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ಭೂಮಿಯು ಸೂರ್ಯನಿಂದ ಜನವರಿಯ ಆರಂಭದಲ್ಲಿ ಸುಮಾರು 14.7 ಕೋಟಿ ಕಿಲೋಮೀಟರ್, ಜುಲೈ ಆರಂಭದಲ್ಲಿ ಸುಮಾರು 15.2 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಅಂದರೆ ಉತ್ತರಾರ್ಧಗೋಳದ ಬೇಸಿಗೆಯಲ್ಲಿಯೇ ದೂರವು ಹೆಚ್ಚು. ನಿಜವಾದ ಕಾರಣ ಭೂಮಿಯ ಅಕ್ಷದ ಓರೆ. ಆ ಅಕ್ಷವು ಕಕ್ಷೆಯ ತಲಕ್ಕೆ ಲಂಬವಾಗಿರದೆ ಸುಮಾರು 23½ ಡಿಗ್ರಿಗಳಷ್ಟು ವಾಲಿಕೊಂಡಿದೆ. ವರ್ಷವಿಡೀ ಧ್ರುವನಕ್ಷತ್ರದ ದಿಕ್ಕಿಗೇ ಮುಖಮಾಡಿರುತ್ತದೆ.

ಇದನ್ನು ಮನೆಯಲ್ಲಿಯೇ ಮಕ್ಕಳಿಗೆ ತೋರಿಸಬಹುದು. ಗೋಧಿಹಿಟ್ಟಿನ ಉಂಡೆಯೊಂದಕ್ಕೆ ನಡುವೆ ಕಡ್ಡಿಯನ್ನು ಚುಚ್ಚಿ, ಮೇಲ್ತುದಿಯ ಸಮೀಪ ಒಂದು, ನಡುವೆ ಒಂದು, ಕೆಳತುದಿಯ ಸಮೀಪ ಒಂದು ಗುರುತಿಡಬೇಕು. ಕೋಣೆಯ ನಡುವೆ ದೀಪವಿಟ್ಟು, ಕಡ್ಡಿಯ ಮೇಲ್ತುದಿಯು ದೀಪದ ಕಡೆಗೆ ವಾಲುವಂತೆ ಹಿಡಿದು ಉಂಡೆಯನ್ನು ತಿರುಗಿಸಬೇಕು. ನಡುವಿನ ಗುರುತು ಬೆಳಕಿಗೂ ಕತ್ತಲಿಗೂ ಸರದಿಯಂತೆ ಬರುತ್ತದೆ. ಮೇಲಿನ ಗುರುತು ಎಷ್ಟು ತಿರುಗಿಸಿದರೂ ಬೆಳಕಿನಿಂದ ಹೊರಹೋಗುವುದಿಲ್ಲ. ಕೆಳಗಿನದು ಬೆಳಕಿಗೆ ಬರುವುದಿಲ್ಲ. ಕಡ್ಡಿಯ ಓರೆಯನ್ನು ಬದಲಿಸದೆ ದೀಪದ ಆಚೆಬದಿಗೆ ಹೋದರೆ ಎಲ್ಲವೂ ತಿರುವುಮುರುವಾಗುತ್ತದೆ. ಮೊದಲನೆಯ ಸ್ಥಿತಿ ಜೂನ್ ತಿಂಗಳು, ಎರಡನೆಯದು ಡಿಸೆಂಬರ್.

90ರಿಂದ 23½ನ್ನು ಕಳೆದರೆ 66½ ಉಳಿಯುತ್ತದೆ. ಉತ್ತರ ಅಕ್ಷಾಂಶ 66½ ಡಿಗ್ರಿಯ ರೇಖೆಯೇ ಉತ್ತರ ಧ್ರುವವೃತ್ತ. ಅಲ್ಲಿಂದ ಮುಂದೆ ಹೋದಷ್ಟೂ ಅಸ್ತಮಾನವಿಲ್ಲದ ದಿನಗಳು ಹೆಚ್ಚುತ್ತವೆ; ಧ್ರುವದಲ್ಲಿ ಹಗಲು ಸುಮಾರು ಆರು ತಿಂಗಳು. ಜೂನ್ 21ರ ಮಧ್ಯರಾತ್ರಿ ಟ್ರೋಮ್ಸೊದಲ್ಲಿ ಸೂರ್ಯನು ದಿಗಂತದಿಂದ ಸುಮಾರು 3 ಡಿಗ್ರಿ ಮೇಲಿರುತ್ತಾನೆ. ಹೀಗೆ ಕಿರಣಗಳು ಓರೆಯಾಗಿ ಬೀಳುವುದರಿಂದಲೂ ಹಿಮವು ಬೆಳಕನ್ನು ಹಿಂದಕ್ಕೆ ಕಳುಹಿಸುವುದರಿಂದಲೂ ಧ್ರುವಪ್ರದೇಶವು ದೀರ್ಘವಾದ ಹಗಲಿನಲ್ಲಿಯೂ ತಂಪಾಗಿಯೇ ಉಳಿಯುತ್ತದೆ. ಭಾರತದವರಿಗೂ ಈ ಅನುಭವ ಹೊಸದಲ್ಲ. ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ 2008ರಲ್ಲಿ ಆರಂಭವಾದ ಹಿಮಾದ್ರಿ ಸಂಶೋಧನಾ ಕೇಂದ್ರದಲ್ಲಿ ಜೂನ್ ತಿಂಗಳಲ್ಲಿಯೂ, ಅಂಟಾರ್ಕ್ಟಿಕಾದ ಮೈತ್ರಿ ಮತ್ತು ಭಾರತಿ ಕೇಂದ್ರಗಳಲ್ಲಿ ಡಿಸೆಂಬರಿನಲ್ಲಿಯೂ ರಾತ್ರಿಯಿಲ್ಲ.

ಇನ್ನು ಮೊದಲಿನ ಪ್ರಶ್ನೆ. ರಾತ್ರಿಭೋಜನ ತ್ಯಾಗದಲ್ಲಿ ಎರಡು ಆಶಯಗಳಿವೆ: ಕತ್ತಲಿನಲ್ಲಿ ಕಣ್ಣಿಗೆ ಬೀಳದ ಜೀವಿಗಳ ಹಿಂಸೆಯನ್ನು ತಪ್ಪಿಸುವುದು ಒಂದು, ನಾಲಗೆಗೆ ಮಿತಿಯನ್ನು ಹಾಕುವುದು ಇನ್ನೊಂದು. ಎಡೆಬಿಡದ ಹಗಲಿನಲ್ಲಿ ಬೆಳಕಿಗೆ ಕೊರತೆಯಿಲ್ಲ. ಆದರೆ ಸೂರ್ಯನು ಮುಳುಗಲಿಲ್ಲವೆಂದು ಮಧ್ಯರಾತ್ರಿಯಲ್ಲಿಯೂ ಉಣ್ಣುವವನು ವ್ರತದ ಅಕ್ಷರವನ್ನು ಉಳಿಸಿ ಆಶಯವನ್ನು ಕಳೆದಂತಾಗುತ್ತದೆ. ಅಲ್ಲಿ ಸೂರ್ಯನು ಹಾಕದ ಮಿತಿಯನ್ನು ಶ್ರಾವಕನು ತಾನೇ ಹಾಕಿಕೊಳ್ಳಬೇಕಾಗುತ್ತದೆ.

ಚಳಿಗಾಲದ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಅದೇ ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿಯ ಮಧ್ಯದವರೆಗೆ ಸೂರ್ಯೋದಯವೇ ಇಲ್ಲ. ನಡುಹಗಲಿನಲ್ಲಿ ಕೆಲಹೊತ್ತು ಸಂಧ್ಯೆಯಂತಹ ಮಂದಪ್ರಕಾಶ ಮಾತ್ರ. ಉದಯವನ್ನು ಕಾದು ಉಣ್ಣುವೆನೆಂದವನು ವಾರಗಟ್ಟಲೆ ಉಪವಾಸವಿರಲಾರನು. ಅಲ್ಲಿಗೆ ಹೋದ ಮೇಲೆ ವ್ರತಭಂಗವಾಯಿತೆಂದು ಮರುಗುವುದಕ್ಕಿಂತ, ಹೊರಡುವ ಮುನ್ನವೇ ಆ ಊರಿನ ಉದಯಾಸ್ತಗಳ ಪಟ್ಟಿಯನ್ನು ತರಿಸಿಕೊಂಡು, ಗುರುಗಳ ಸನ್ನಿಧಿಯಲ್ಲಿ ಅದನ್ನು ನಿವೇದಿಸಿ, ಊಟದ ವೇಳೆಯ ಮಿತಿಯನ್ನು ಕೇಳಿ ಪಡೆಯುವುದು ಲೇಸು.