ಎರಡನೆಯ ಪುಸ್ತಕ ಏಕೆ ಸಪ್ಪೆ? ಒಂಬತ್ತನೆಯ ತರಗತಿಯ ಒಂದು ಓದಿನ ಅವಧಿ

ಬೋಧನಾಭ್ಯಾಸದ ಮೂರನೆಯ ವಾರ ಒಂಬತ್ತನೆಯ ತರಗತಿಯ ಓದಿನ ಅವಧಿಯೊಂದು ನನ್ನ ಪಾಲಿಗೆ ಬಂತು. ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ಪುಸ್ತಕ ವಿಮರ್ಶೆ ನನ್ನ ಬೋಧನಾ ವಿಷಯವಲ್ಲ. ಆದರೆ ಆ ಆಂಗ್ಲ ಮಾಧ್ಯಮ ಶಾಲೆಯ ಹುಡುಗಿಯರಲ್ಲಿ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಸರಣಿ ಕೈಯಿಂದ ಕೈಗೆ ಓಡಾಡುತ್ತಿದ್ದುದನ್ನು ಕಂಡಿದ್ದೆ. ಪಿಯುಸಿಯಲ್ಲಿದ್ದಾಗ ನಾನೂ 2005ರ ಮೊದಲ ಪುಸ್ತಕವನ್ನು ಎರಡು ರಾತ್ರಿಗಳಲ್ಲಿ ಮುಗಿಸಿ, 2006ರ ‘ನ್ಯೂ ಮೂನ್’ ಅನ್ನು ಬೇಸರದಿಂದ ಅರ್ಧಕ್ಕೇ ಬಿಟ್ಟಿದ್ದೆ. ಈಗ ಪಾಠಕ್ಕಾಗಿ ಪೂರ್ತಿ ಓದಿದೆ.

ಉದ್ದೇಶ ಒಂದೇ: ‘ಚೆನ್ನಾಗಿಲ್ಲ’ ಎನ್ನುವ ಮಾತಿಗೆ ಪಠ್ಯದಿಂದ ಆಧಾರ ಕೊಡುವುದು. ಪ್ರಯೋಗಾಲಯದ ರೆಕಾರ್ಡಿನಂತೆ ಕಪ್ಪುಹಲಗೆಯ ಮೇಲೆ ‘ವೀಕ್ಷಣೆ’, ‘ತೀರ್ಮಾನ’ ಎಂದು ಎರಡು ಅಂಕಣ ಎಳೆದೆ. ಓದದವರಿಗೆ ಕಥೆ ಹೇಳಿದೆ. ಬೆಲ್ಲಾಳ ಹದಿನೆಂಟನೆಯ ಹುಟ್ಟುಹಬ್ಬದಂದು ಉಡುಗೊರೆಯ ಕಾಗದ ತಾಗಿ ಬೆರಳು ಕೊಯ್ಯುತ್ತದೆ. ಆ ಹನಿ ರಕ್ತಕ್ಕೆ ಎಡ್ವರ್ಡನ ರಕ್ತಪಿಶಾಚಿ ಮನೆಯವರಲ್ಲೊಬ್ಬ ಅವಳ ಮೇಲೆ ಎರಗುತ್ತಾನೆ. ಇದಾದ ಮೇಲೆ ಎಡ್ವರ್ಡ್ ಅವಳನ್ನು ಬಿಟ್ಟು ಹೊರಟುಹೋಗುತ್ತಾನೆ. ಇಷ್ಟಕ್ಕೇ ಹದಿನೈದು ನಿಮಿಷ ಹೋಯಿತು. ನನಗೆ ಕಥೆ ಹೇಳುವ ಚಪಲ ಜಾಸ್ತಿ.

ಮಾದರಿಗೆಂದು ನಾನೇ ಬರೆದೆ. ವೀಕ್ಷಣೆ: ನಾಯಕ ಪುಸ್ತಕದ ಬಹುಭಾಗದಲ್ಲಿ ಇಲ್ಲ. ತೀರ್ಮಾನ: ಆದ್ದರಿಂದ ಕಥೆ ಸಪ್ಪೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಪ್ಪಲಿಲ್ಲ. “ಮಿಸ್, ಅವನಿಲ್ಲ ಅನ್ನೋದೇ ಅಲ್ವಾ ಕಥೆ?” ಎಂದು ಪುಸ್ತಕ ತೆರೆದು ತೋರಿಸಿದಳು. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ: ತಿಂಗಳ ಹೆಸರು ಬಿಟ್ಟರೆ ಆ ಪುಟಗಳಲ್ಲಿ ಏನೂ ಇಲ್ಲ. “ಅಮಾವಾಸ್ಯೆ ದಿನ ಚಂದ್ರ ಎಲ್ಲೂ ಹೋಗಿರಲ್ಲ, ಬೆಳಕು ಬಿದ್ದಿರೋ ಭಾಗ ನಮ್ಮ ಕಡೆ ಇರಲ್ಲ ಅಷ್ಟೇ ಅಂತ ಮೊನ್ನೆ ಎಂಟನೇ ಕ್ಲಾಸಿಗೆ ನೀವೇ ಹೇಳಿದ್ರಂತೆ, ನನ್ನ ತಂಗಿ ಹೇಳಿದ್ಲು.” ತರಗತಿ ನಕ್ಕಿತು. ನಾನು ಡಸ್ಟರ್ ತೆಗೆದುಕೊಂಡು ನನ್ನ ತೀರ್ಮಾನ ಅಳಿಸಿದೆ. ವೀಕ್ಷಣೆ ಸರಿಯಿತ್ತು, ಅದರಿಂದ ಹೊರಡಿಸಿದ ತೀರ್ಮಾನ ಸರಿಯಿರಲಿಲ್ಲ.

ಹಾಗಾದರೆ ನಿರಾಸೆ ಎಲ್ಲಿಂದ? ಈಗ ಉತ್ತರಗಳು ಬರತೊಡಗಿದವು. ಜೇಕಬ್ ಹಳೆಯ ಮೋಟಾರ್‌ಬೈಕುಗಳನ್ನು ರಿಪೇರಿ ಮಾಡುತ್ತಾ ಬೆಲ್ಲಾಳನ್ನು ಮತ್ತೆ ನಗಿಸುವ ಭಾಗ ಎಲ್ಲರಿಗೂ ಇಷ್ಟ. ಆದರೆ ಆಲಿಸ್ ಮರಳಿ ಬಂದದ್ದೇ ತಡ, ಕಥೆ ಅವನನ್ನು ಕೈಬಿಟ್ಟು ಇಟಲಿಯ ವೋಲ್ಟೆರಾಕ್ಕೆ ಓಡುತ್ತದೆ. ಅಷ್ಟೆಲ್ಲ ಆಗಿಯೂ ಬೆಲ್ಲಾ ರಕ್ತಪಿಶಾಚಿಯಾಗಬೇಕೇ ಬೇಡವೇ ಎಂಬ ಮೊದಲ ಪುಸ್ತಕದ ಪ್ರಶ್ನೆ ಇನ್ನೂ ಹಾಗೆಯೇ ಉಳಿಯುತ್ತದೆ. “ಅವಳ ಒಳ್ಳೇದಕ್ಕೆ ಅಂತ ಹೊರಟ, ಅವಳನ್ನ ಕೇಳಲೇ ಇಲ್ಲ. ವಾಪಸ್ ಬಂದಾಗ ಅವಳು ಬೈಯಲೂ ಇಲ್ಲ,” ಎಂದಳು ಒಬ್ಬಳು. ನನ್ನ ಪಟ್ಟಿಯಲ್ಲಿ ಇರದಿದ್ದ ಅಂಶ ಇದು. ಎಲ್ಲಕ್ಕಿಂತ ಗಟ್ಟಿಯಾದದ್ದೂ ಇದೇ.

ಆಮೇಲೆ ಅಷ್ಟಾಗಿ ಮಾತನಾಡದ ಹುಡುಗಿಯೊಬ್ಬಳು ಕೇಳಿದಳು: “ನಾಲ್ಕು ತಿಂಗಳು ಹಾಗೇ ಇದ್ಲಲ್ಲ ಮಿಸ್, ಯಾರೂ ಏನೂ ಮಾಡ್ಲಿಲ್ವಾ?” ಅಪಾಯದಲ್ಲಿದ್ದಾಗ ಎಡ್ವರ್ಡನ ದನಿ ಕೇಳಿಸುತ್ತದೆಂದು ಬೆಲ್ಲಾ ಬೇಕೆಂದೇ ಅಪಾಯ ಹುಡುಕುತ್ತಾಳೆ, ಬಂಡೆಯ ಮೇಲಿಂದ ಸಮುದ್ರಕ್ಕೆ ಹಾರುತ್ತಾಳೆ. ಪುಸ್ತಕ ಇದನ್ನು ಪ್ರೇಮದ ಆಳವೆಂಬಂತೆ ಹೇಳುತ್ತದೆ. ಅಪ್ಪ ಅವಳನ್ನು ಫ್ಲಾರಿಡಾದಲ್ಲಿರುವ ಅಮ್ಮನ ಬಳಿಗೆ ಕಳಿಸಲು ನೋಡುತ್ತಾನೆ ಎಂದಷ್ಟೇ ಹೇಳಿ ನಾನು ಗಡಿಯಾರ ನೋಡಿದೆ. ಗಂಟೆ ಹೊಡೆಯಲು ಇನ್ನೂ ನಾಲ್ಕು ನಿಮಿಷವಿತ್ತು. ಮನೆಗೆಲಸ ಬರೆಸಿದೆ.

ನನ್ನ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಕಪ್ಪುಹಲಗೆಯ ಬಳಕೆಯನ್ನು ಮೆಚ್ಚಿ, ಕೆಳಗೆ ಹೀಗೆ ಬರೆದಿದ್ದರು: “ಕೊನೆಯ ಪ್ರಶ್ನೆ ಪುಸ್ತಕದ ಬಗ್ಗೆಯೇ ಎಂದು ನಿಮಗೆ ಖಾತ್ರಿಯೇ?” ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಆ ಹುಡುಗಿಯ ಪಕ್ಕ ಕುಳಿತು, ನಿನ್ನೆ ನಿನ್ನ ಪ್ರಶ್ನೆಗೆ ನಾನು ಸರಿಯಾಗಿ ಉತ್ತರಿಸಲಿಲ್ಲ ಎಂದೆ. ಅವಳು ಡಬ್ಬಿಯ ಚಿತ್ರಾನ್ನ ಕೆದಕುತ್ತಾ, “ನಮ್ಮಕ್ಕನೂ ಹಾಗೇ ಇದಾಳೆ ಮಿಸ್,” ಎಂದಳು. ಅವಳ ಒಪ್ಪಿಗೆ ಕೇಳಿ ತರಗತಿ ಶಿಕ್ಷಕಿಗೆ ತಿಳಿಸಿದೆ. ಅವರು ಅದೇ ಸಂಜೆ ಅವಳ ತಾಯಿಗೆ ಫೋನ್ ಮಾಡಿದರು.

ಈ ಪಾಠವನ್ನು ಮತ್ತೆ ಮಾಡಿದರೆ ಕಥಾಸಾರಕ್ಕೆ ಐದೇ ನಿಮಿಷ ಕೊಡುತ್ತೇನೆ. ಉಳಿಯುವ ಹತ್ತು ನಿಮಿಷ ಅವಳ ಪ್ರಶ್ನೆಗೆ ಬೇಕು.