ಶ್ರೀರಂಗಪಟ್ಟಣ: ಕಾವೇರಿಯೇ ಕೋಟೆಯಾದ ದ್ವೀಪ

ಮೂರು ಕಡೆ ನೀರಿದ್ದರೆ ಪರ್ಯಾಯದ್ವೀಪ, ಸುತ್ತಲೂ ನೀರಿದ್ದರೆ ದ್ವೀಪ. ಭೂಗೋಳದ ಈ ಪಾಠಕ್ಕೆ ಪಾಲಹಳ್ಳಿಯ ವಿದ್ಯಾರ್ಥಿಯು ಕಡಲತೀರದ ಉದಾಹರಣೆಯನ್ನು ಅರಸಬೇಕಾಗಿಲ್ಲ. ಊರಿನ ಪೂರ್ವಕ್ಕೆ ಅನತಿದೂರದಲ್ಲಿ ಕಾವೇರಿಯು ಇಬ್ಭಾಗವಾಗಿ, ಸುಮಾರು 3 ಮೈಲಿ ಉದ್ದ, 1 ಮೈಲಿ ಅಗಲದ ನೆಲವನ್ನು ತಬ್ಬಿ ಮತ್ತೆ ಒಂದಾಗುತ್ತಾಳೆ. ಆ ನಡುಗಡ್ಡೆಯೇ ಶ್ರೀರಂಗಪಟ್ಟಣ.

ಇಲ್ಲಿನ ರಂಗನಾಥ ದೇವಾಲಯವನ್ನು ಗಂಗರ ಕಾಲದಲ್ಲಿ, ಕ್ರಿ.ಶ. 894ರಲ್ಲಿ, ತಿರುಮಲಯ್ಯನೆಂಬುವನು ಕಟ್ಟಿಸಿದನೆಂದು ಪ್ರತೀತಿ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ವಶಪಡಿಸಿಕೊಂಡರು. ಅಂದಿನಿಂದ 1799ರವರೆಗೆ ಮೈಸೂರಿನ ರಾಜಧಾನಿ ಇದೇ.

ಕಲ್ಲಿನ ಗೋಡೆಗಳಿಗಿಂತ ಮಿಗಿಲಾಗಿ ಈ ಕೋಟೆಯನ್ನು ಕಾಯ್ದುದು ನದಿ. ಆದರೆ ಆ ಕಾವಲು ವರ್ಷವಿಡೀ ಇರುತ್ತಿರಲಿಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಯುದ್ಧದಲ್ಲಿ ಮೇಲುಗೈ ಪಡೆದನು. ಅಷ್ಟರಲ್ಲಿ ಮಳೆ ಹಿಡಿಯಿತು. ದವಸ ತೀರಿತು, ಎತ್ತುಗಳು ಸತ್ತವು. ಕೋಟೆಯೊಡೆಯಲು ತಂದ ದೊಡ್ಡ ಫಿರಂಗಿಗಳನ್ನು ತಾನೇ ನಾಶಗೊಳಿಸಿ ಹಿಂದಿರುಗಬೇಕಾಯಿತು. ಮರುವರ್ಷ ಅವನು ಬಂದುದು ಫೆಬ್ರವರಿಯಲ್ಲಿ. 1799ರಲ್ಲಿ ಹ್ಯಾರಿಸನು ಏಪ್ರಿಲ್ ಆರಂಭದಲ್ಲಿಯೇ ಬಂದು, ಕೋಟೆಯ ಪಶ್ಚಿಮಕ್ಕೆ, ಪಾಲಹಳ್ಳಿಯಿರುವ ದಕ್ಷಿಣದ ದಡದಲ್ಲಿ ಬೀಡುಬಿಟ್ಟನು. ಅವನ ಸೈನ್ಯಕ್ಕೂ ಅಕ್ಕಿ ಸಾಲದಾಗಿತ್ತು. ಹೊಳೆ ತುಂಬುವವರೆಗೆ ತಡೆದು ನಿಂತರೆ ಗೆದ್ದಂತೆ ಎಂಬುದು ಟಿಪ್ಪುವಿಗೂ ತಿಳಿದಿತ್ತು. ಮೇ 4ರ ಮಧ್ಯಾಹ್ನ, ಬಂಡೆಗಳ ನಡುವೆ ತಗ್ಗಿ ಹರಿಯುತ್ತಿದ್ದ ನೀರನ್ನು ದಾಟಿ ಶತ್ರುಗಳು ಬಿರುಕಿನಲ್ಲಿ ನುಗ್ಗಿದರು. ಅಂದೇ ಸುಲ್ತಾನನು ಹೋರಾಡುತ್ತ ಮಡಿದನು.

ದಾಳಿಯ ಮುಂದಾಳು ಬೇರ್ಡನು 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ ಇದೇ ಪಟ್ಟಣದಲ್ಲಿ 3 ವರ್ಷಕ್ಕೂ ಮಿಕ್ಕಿ ಬಂದಿಯಾಗಿದ್ದವನು. ಆ ಯುದ್ಧದಲ್ಲಿ ಮೈಸೂರು ಪಡೆದ ಜಯವನ್ನು 1784ರ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಚಿತ್ರಿಸಿದೆ. ಪ್ರವಾಸಿಗಳು ಈ ಚಿತ್ರವನ್ನೂ, ಪೂರ್ವದ ತುದಿಯ ಗುಂಬಜನ್ನೂ, ಸಂಗಮವನ್ನೂ ನೋಡಿ ಮರಳುವುದೇ ವಾಡಿಕೆ. ಕೋಟೆ ಬಿರಿದ ವಾಯವ್ಯ ಮೂಲೆಗೆ ಹೋಗುವವರು ಕಡಮೆ. ಅದೊಂದು ಲೋಪವೇ ಸರಿ. ಅಲ್ಲಿ 1907ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭವಿದೆ. ಬೇಸಗೆಯಲ್ಲಿ ಅಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಪಾತ್ರದ ಬಂಡೆಗಳೇ ಇತಿಹಾಸವನ್ನು ಹೇಳುತ್ತವೆ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮುಗಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯನ್ನೂ ನೋಡತಕ್ಕದ್ದು.

ಪಾಲಹಳ್ಳಿಯ ಸಿರಿಯೂ ಇದೇ ನೀರಿನದು. ಕಾಲುವೆಯ ಕಬ್ಬನ್ನು ನಂಬಿ 1847ರಲ್ಲಿ ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಆರಂಭವಾಯಿತು. ರೈತರ ಬೆಲ್ಲವನ್ನು ಕೊಂಡು ಶುದ್ಧಿಮಾಡುವುದು ಅದರ ಕೆಲಸವಾಗಿತ್ತು. ಊರಿಗೆ ಸಮೀಪದ ರಂಗನತಿಟ್ಟು, ಹದಿನೇಳನೆಯ ಶತಮಾನದಲ್ಲಿ ನದಿಗೆ ಕಟ್ಟಿದ ಅಣೆಕಟ್ಟೆಯಿಂದ ಉಂಟಾದ ಕಿರುದ್ವೀಪಗಳ ಸಮೂಹ. ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು; 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಕೊಕ್ಕರೆ, ಚಮಚಕೊಕ್ಕುಗಳು ಅಲ್ಲಿ ಗೂಡುಕಟ್ಟುತ್ತವೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತವೆ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿಗಳನ್ನು ನಿಲ್ಲಿಸುತ್ತಾರೆ. ಬಂದವರು ದಡದಿಂದಲೇ ನೋಡಬೇಕು.